ಘಟಿಕೋತ್ಸವಕ್ಕೊಂದು ಮುಚ್ಚಳಿಕೆ

ಸೇಲಂ ನಗರದ ಪೆರಿಯಾರ್ ವಿಶ್ವವಿದ್ಯಾಲಯದವರು 2023ನೆಯ ಇಸವಿ ಜೂನ್ ತಿಂಗಳಲ್ಲಿ ಒಂದು ಸುತ್ತೋಲೆ ಹೊರಡಿಸಿದರು. ತಮಿಳುನಾಡಿನ ರಾಜ್ಯಪಾಲರು ಘಟಿಕೋತ್ಸವಕ್ಕೆ ದಯಮಾಡಿಸುವವರಿದ್ದಾರೆ. ಆದಕಾರಣ ಸಮಾರಂಭಕ್ಕೆ ಬರುವವರು ಕಪ್ಪು ಬಟ್ಟೆ ತೊಟ್ಟು ಬರಬಾರದು ಎಂಬುದು ಅದರ ಸಾರಾಂಶ. ಪೋಲೀಸರು ಹಾಗೆ ಸಲಹೆ ಕೊಟ್ಟಿದ್ದರಂತೆ. ಕಪ್ಪು ಅಂಗಿಯನ್ನೇ ತಮ್ಮ ಚಳವಳಿಯ ಗುರುತಾಗಿ ಮಾಡಿಕೊಂಡಿದ್ದ ಪೆರಿಯಾರರ ಹೆಸರು ಹೊತ್ತ ವಿದ್ಯಾಸಂಸ್ಥೆ ಕಪ್ಪಿಗೆ ಹೆದರಿತೆಂಬುದು ಒಂದು ವಿನೋದ. ನಮ್ಮ ದೇಶದ ಎಷ್ಟೋ ಘಟಿಕೋತ್ಸವಗಳಲ್ಲಿ ತೊಡಿಸುವ ನಿಲುವಂಗಿಯೇ ಕಪ್ಪು ಎಂಬುದು ಅದಕ್ಕಿಂತ ದೊಡ್ಡ ವಿನೋದ. ನಾಲ್ಕು ಕಡೆಯಿಂದ ಟೀಕೆ ಬಂದ ಮೇಲೆ ಸುತ್ತೋಲೆಯನ್ನು ಹಿಂದಕ್ಕೆ ತೆಗೆದುಕೊಂಡರು.

ಸುತ್ತೋಲೆ ಹಿಂದಕ್ಕೆ ಹೋಯಿತು. ಅದನ್ನು ಬರೆಯಿಸಿದ ಭಯ ಎಲ್ಲಿಗೂ ಹೋಗಲಿಲ್ಲ. ಸೇಲಂ ಒಂದೇ ಊರಿನ ಮಾತೂ ಇದಲ್ಲ. ಪದವಿ ಪಡೆಯಲು ಬರುವ ಹುಡುಗ ಹುಡುಗಿಯರಿಂದ 'ಸಭೆಯಲ್ಲಿ ಅನುಚಿತವಾಗಿ ನಡೆದುಕೊಳ್ಳುವುದಿಲ್ಲ' ಎಂದು ಮುಚ್ಚಳಿಕೆ ಬರೆಸಿಕೊಂಡದ್ದನ್ನು ಕಣ್ಣಾರೆ ಕಂಡವನು ನಾನು. ಠಾಣೆಯಲ್ಲಿ ಪುಂಡರಿಂದ ಬರೆಸಿಕೊಳ್ಳುವ ಕಾಗದವನ್ನು ಪದವೀಧರರಿಂದ ಬರೆಸಿಕೊಳ್ಳಬಹುದೆ? ಕೂಡದೆಂಬುದೇ ನನ್ನ ವಾದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಘಟಿಕೋತ್ಸವದ ವೇದಿಕೆಯ ಮೇಲೆ ಮರ್ಯಾದೆಯಿಂದ 'ಒಲ್ಲೆ' ಎಂದ ವಿದ್ಯಾರ್ಥಿಯನ್ನು ದಂಡಿಸುವ ವಿಶ್ವವಿದ್ಯಾಲಯ, ತಾನು ಕೊಟ್ಟ ಪದವಿಯನ್ನು ತಾನೇ ಸುಳ್ಳು ಮಾಡಿಕೊಳ್ಳುತ್ತದೆ. ಮೂವತ್ತೆರಡು ವರ್ಷ ಅಧ್ಯಾಪಕನಾಗಿ, ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಆ ಬಿಸಿಲಿನಲ್ಲಿ ನಿಲುವಂಗಿ ತೊಟ್ಟು ಮೆರವಣಿಗೆಯಲ್ಲಿ ನಡೆದವನಿಗೆ ಇಷ್ಟು ಹೇಳುವ ಅಧಿಕಾರ ಇದೆಯೆಂದು ಭಾವಿಸಿದ್ದೇನೆ.

ಮೊದಲು ಆ ಪದವನ್ನೇ ನೋಡೋಣ. ಘಟಿಕೆ ಎಂಬುದು ನಮ್ಮ ಹಳೆಯ ವಿದ್ಯಾಸ್ಥಾನಗಳಿಗಿದ್ದ ಹೆಸರು. ಘಟಿಕಾಸ್ಥಾನವೆಂಬ ಮಾತು ಶಾಸನಗಳಲ್ಲಿ ಬರುತ್ತದೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಕಂಬದ ಮೇಲೆ ಒಬ್ಬ ವಿದ್ಯಾರ್ಥಿಯ ಕಥೆ ಇದೆ. ಮಯೂರಶರ್ಮನೆಂಬ ಆ ತರುಣ ತನ್ನ ಗುರು ವೀರಶರ್ಮನ ಜೊತೆಯಲ್ಲಿ ಕಂಚಿಯ ಘಟಿಕೆಗೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಜಗಳವಾಯಿತು, ಅವಮಾನವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ನಾಲ್ಕನೆಯ ಶತಮಾನದ ಆ ಜಗಳದ ಕೊನೆಯಲ್ಲಿ ಬನವಾಸಿಯ ಕದಂಬ ರಾಜ್ಯ ಹುಟ್ಟಿತು. ಕನ್ನಡದ ಮೊದಲ ರಾಜವಂಶವೆಂದು ನಾವು ಶಾಲೆಯ ಮಕ್ಕಳಿಗೆ ಹೆಮ್ಮೆಯಿಂದ ಪಾಠ ಹೇಳುವುದು ಇದನ್ನೇ. ಆ ಪಾಠ ಹೇಳುವವರೇ ಪದಕ ಒಲ್ಲೆನೆಂದ ಹುಡುಗಿಗೆ ಕಾರಣ ಕೇಳಿ ನೋಟೀಸು ಕಳಿಸುವುದೂ ಉಂಟು. ಕತ್ತಿ ಹಿಡಿಯಿರೆಂದು ನಾನು ಯಾರಿಗೂ ಹೇಳುತ್ತಿಲ್ಲ. ಘಟಿಕೆಯಲ್ಲಿ ಓದುವವನಿಗೆ ಮಾನವೂ ಇರುತ್ತದೆಂಬುದು ನಮಗೆ ಹೊಸ ಸಂಗತಿಯೇನೂ ಆಗಬಾರದು, ಅಷ್ಟೆ.

ಶಿಸ್ತಿನ ಭಕ್ತರು ಸಾಮಾನ್ಯವಾಗಿ ಸಂಸ್ಕೃತಿಯ ಹೆಸರು ಹೇಳುತ್ತಾರೆ. ಒಳ್ಳೆಯದು, ಅಲ್ಲಿಗೇ ಹೋಗೋಣ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಓದು ಮುಗಿಸಿದ ಶಿಷ್ಯನನ್ನು ಗುರು ಬೀಳ್ಕೊಡುವ ಭಾಗವೊಂದಿದೆ. ಹಲವು ವಿಶ್ವವಿದ್ಯಾಲಯಗಳಲ್ಲಿ ಘಟಿಕೋತ್ಸವದ ದಿನ ಅದನ್ನು ಇಂದಿಗೂ ಓದಿಸುತ್ತಾರೆ. ತಾಯಿ, ತಂದೆ, ಆಚಾರ್ಯರನ್ನು ದೇವರಂತೆ ಕಾಣಬೇಕೆಂಬ ಮಾತಿನ ತನಕ ಎಲ್ಲರಿಗೂ ಬಾಯಿಪಾಠ. ಅದಾದ ಮೇಲೆ ಬರುವ ಮಾತನ್ನು ನಾವು ಮರೆತುಬಿಟ್ಟಿದ್ದೇವೆ. ನಮ್ಮಲ್ಲಿ ಒಳ್ಳೆಯ ನಡತೆ ಯಾವುದಿದೆಯೋ ಅದನ್ನು ಮಾತ್ರ ಅನುಸರಿಸು, ಮಿಕ್ಕದ್ದನ್ನು ಬಿಡು ಎಂಬ ಅರ್ಥದ ಮಾತನ್ನು ಆ ಗುರು ತನ್ನ ಬಾಯಿಂದಲೇ ಹೇಳುತ್ತಾನೆ. ಅಂದರೆ ಗುರುವಿನ ನಡತೆಯನ್ನು ಅಳೆಯುವ ತಕ್ಕಡಿಯನ್ನು ಶಿಷ್ಯನ ಕೈಗೆ ಗುರುವೇ ಕೊಟ್ಟು ಕಳಿಸುತ್ತಾನೆ. ನಮ್ಮ ಘಟಿಕೋತ್ಸವಕ್ಕೆ ಮೂಲವೆಂದು ನಾವು ಹೇಳಿಕೊಳ್ಳುವ ಸಂದರ್ಭದಲ್ಲಿ ಮುಚ್ಚಳಿಕೆ ಇರಲಿಲ್ಲ, ತಕ್ಕಡಿ ಇತ್ತು.

ಈಗ ನಾನು ಕಂಡ ಒಂದು ಪ್ರಸಂಗ. ಸುಮಾರು ಇಪ್ಪತ್ತು ವರ್ಷಕ್ಕೆ ಹಿಂದಿನದು. ವಿಶ್ವವಿದ್ಯಾಲಯದ ಹೆಸರು ಬೇಡ. ಆಗ ಅಲ್ಲಿದ್ದ ದೊಡ್ಡವರ ಹೆಸರಂತೂ ಬೇಡವೇ ಬೇಡ. ವಿದ್ಯಾರ್ಥಿನಿಲಯದ ಬಡ ಮಕ್ಕಳಿಗೆ ಬರಬೇಕಾದ ವಿದ್ಯಾರ್ಥಿವೇತನ ಹತ್ತು ತಿಂಗಳಿಂದ ಬಂದಿರಲಿಲ್ಲ. ಊಟದ ಲೆಕ್ಕ ಕಟ್ಟಲಾರದೆ ಕೆಲವರು ಊರಿಗೆ ಹೊರಟುಹೋಗಿದ್ದರು. ಮೂರು ಸಲ ಅರ್ಜಿ ಕೊಟ್ಟರು. ಮೊದಲನೆಯದು ಮೇಜಿನ ಮೇಲೆ ಉಳಿಯಿತು, ಎರಡನೆಯದು ಮೇಜಿನ ಒಳಗೆ ಹೋಯಿತು, ಮೂರನೆಯದು ಸಿಕ್ಕಲೇ ಇಲ್ಲವೆಂದರು. ಇದೇ ತಿಂಗಳುಗಳಲ್ಲಿ ಘಟಿಕೋತ್ಸವಕ್ಕೆ ಹೊಸ ಶಾಮಿಯಾನ, ಹೊಸ ಕೆಂಪು ಜಮಖಾನ, ವೇದಿಕೆಗೆ ಮೈಸೂರು ಮಲ್ಲಿಗೆಯ ತೋರಣ ಎಲ್ಲವೂ ಸಿದ್ಧವಾದುವು.

ಸಮಾರಂಭದ ದಿನ ನನ್ನ ವಿಭಾಗದಲ್ಲಿ ಇತಿಹಾಸದ ಎಂ.ಎ.ಗೆ ಮೊದಲನೆಯವಳಾಗಿ ಬಂದಿದ್ದ ಹುಡುಗಿಯ ಹೆಸರು ಕರೆದರು. ಮೆಟ್ಟಿಲು ಹತ್ತಿ ಬಂದಳು; ಕೈಮುಗಿದಳು. ಪದಕ ಹಿಡಿದ ಕೈ ಮುಂದಕ್ಕೆ ಬಂತು. ಆಕೆಯ ಕೈ ಮುಗಿದಂತೆಯೇ ಇತ್ತು. "ಕ್ಷಮಿಸಬೇಕು ಸಾರ್. ನನ್ನ ಜೊತೆಯವರಿಗೆ ಸ್ಕಾಲರ್‌ಶಿಪ್ಪು ಬಂದ ದಿನ ಬಂದು ಇದನ್ನ ತಗೋತೀನಿ" ಎಂದಳು. ಮೈಕಿನಲ್ಲಿ ಅಲ್ಲ, ವೇದಿಕೆಯ ಮೇಲಿದ್ದ ನಮಗಷ್ಟೇ ಕೇಳಿಸಿತು. ಹಾಗೆಯೇ ಇಳಿದುಹೋದಳು. ಹಿಂದಿನ ಸಾಲುಗಳಲ್ಲಿ ನಲವತ್ತು ಐವತ್ತು ಮಂದಿ ಹುಡುಗರು ಎದ್ದು ನಿಂತರು. ಘೋಷಣೆಯಿಲ್ಲ, ಬಾವುಟವಿಲ್ಲ. ಒಂದು ನಿಮಿಷ ನಿಂತರು, ಕೂತರು. ನಾನು ಕೈಗಡಿಯಾರ ನೋಡಿಕೊಂಡಿದ್ದೆ. ಎಲ್ಲ ಸೇರಿ ಎರಡು ನಿಮಿಷವೂ ಆಗಿರಲಿಲ್ಲ. ಅಂದಿನ ಮುಖ್ಯ ಅತಿಥಿಗಳು ಇಪ್ಪತ್ತು ನಿಮಿಷದ ಭಾಷಣವೆಂದು ಒಪ್ಪಿಕೊಂಡು ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಸಭೆಯ ಕಾಲವನ್ನು ಹಾಳುಮಾಡಿದವರು ಯಾರೆಂದು ಆಮೇಲೆ ಒಂದು ವಿಚಾರಣಾ ಸಮಿತಿ ಕೂತಿತು. ಅತಿಥಿಗಳನ್ನು ಅದು ಕರೆಯಿಸಲಿಲ್ಲ.

ಸಮಿತಿಯವರು ವಿಭಾಗದ ಮುಖ್ಯಸ್ಥನಾದ ನನ್ನ ಹೇಳಿಕೆ ಕೇಳಿದರು. "ಈ ಹುಡುಗಿಯ ಹಿಂದೆ ಯಾರಿದ್ದಾರೆ?" ಎಂಬುದೇ ಅವರ ಮುಖ್ಯ ಪ್ರಶ್ನೆ. ಪಟ್ಟಿಯ ಪ್ರಕಾರ ಭೂಗೋಳದ ಚಿನ್ನದ ಪದಕದ ಹುಡುಗನಿದ್ದ ಎಂದೆ. ಯಾರೂ ನಗಲಿಲ್ಲ. ಹಿಂದೆ ಯಾರಾದರೂ ಇಲ್ಲದೆ ಒಬ್ಬ ಹೆಣ್ಣುಮಗಳು ತಾನಾಗಿ ಯೋಚನೆ ಮಾಡಿರಬಹುದೆಂದು ಆ ಮೂವರು ವಿದ್ವಾಂಸರಿಗೆ ಹೊಳೆಯಲೇ ಇಲ್ಲ. ಹೀಗೆ ಯೋಚಿಸುವುದನ್ನು ಕಲಿಸಲೆಂದೇ ಎರಡು ವರ್ಷ ಸಂಬಳ ತೆಗೆದುಕೊಂಡೆ, ಕಲಿತದ್ದಕ್ಕೆ ಅವಳನ್ನು ದಂಡಿಸುವುದಾದರೆ ನನ್ನ ಸಂಬಳವನ್ನೂ ವಾಪಸು ಕೇಳಬೇಕಾಗುತ್ತದೆ ಎಂದು ಬರೆದುಕೊಟ್ಟು ಬಂದೆ.

ವಿದ್ಯಾರ್ಥಿವೇತನ ಮೂರು ವಾರದಲ್ಲಿ ಬಂತು. ಹತ್ತು ತಿಂಗಳು ಆಗದ ಕೆಲಸ ಎರಡು ನಿಮಿಷದಿಂದ ಆಯಿತು. ಆದರೆ ಅವಳ ಪದವಿಪತ್ರವನ್ನು ಏಳು ತಿಂಗಳು ತಡೆಹಿಡಿದರು. ಆಯ್ಕೆಯಾಗಿದ್ದ ಕಾಲೇಜಿನ ಕೆಲಸ ಆ ಕಾಗದವಿಲ್ಲದೆ ಕೈತಪ್ಪಿತು. ಒಂದು ದಿನ ಅವಳ ತಂದೆ ಹಳ್ಳಿಯಿಂದ ನನ್ನ ಕೊಠಡಿಗೆ ಬಂದರು. ಕೂರಿರೆಂದರೆ ಕೂರಲಿಲ್ಲ. "ನಮ್ಮ ಮಗ ಯಾರ್ದಾದ್ರೂ ಏನಾರ ಕದ್ದದಾ ಸ್ವಾಮಿ?" ಎಂದು ಕೇಳಿದರು. ಹೆಣ್ಣುಮಗಳನ್ನೂ 'ಮಗ' ಎನ್ನುವುದು ನಮ್ಮ ಕಡೆಯ ಪ್ರೀತಿ. ಇಲ್ಲ, ತನಗೆ ಕೊಟ್ಟದ್ದನ್ನೇ ಬೇಡವೆಂದಳು ಎಂದೆ. "ಬ್ಯಾಡ ಅಂದೋರ್ಗೂ ಶಿಕ್ಷೆ ಐತಾ?" ಎಂದರು. ಈ ಪ್ರಶ್ನೆಗೆ ವಿಶ್ವವಿದ್ಯಾಲಯದ ಯಾವ ಕಾಯಿದೆಯಲ್ಲೂ ಉತ್ತರವಿರಲಿಲ್ಲ. ಮರುವರ್ಷದಿಂದ ಉತ್ತರ ಬಂತು. ಅದೇ ನಾನು ಮೊದಲು ಹೇಳಿದ ಮುಚ್ಚಳಿಕೆ.

ಇದನ್ನು ಸಮರ್ಥಿಸುವವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಸಮಾರಂಭದ ಗಾಂಭೀರ್ಯ ಕೆಡುತ್ತದೆಂಬುದು ಮೊದಲನೆಯದು. ಗಾಂಭೀರ್ಯ ಯಾರಿಂದ ಕೆಡುತ್ತದೆ ಎಂಬುದಕ್ಕೆ ಜರ್ಮನಿಯ ಒಂದು ಪ್ರಸಂಗ ನೆನೆಯಬಹುದು. 1967ರ ನವೆಂಬರ್ 9ರಂದು ಹಾಂಬುರ್ಗ್ ವಿಶ್ವವಿದ್ಯಾಲಯದಲ್ಲಿ ಹೊಸ ಕುಲಪತಿಯ ಅಧಿಕಾರ ಸ್ವೀಕಾರ. ನಿಲುವಂಗಿ ತೊಟ್ಟ ಪ್ರಾಧ್ಯಾಪಕರ ಮೆರವಣಿಗೆ ಮೆಟ್ಟಿಲಿಳಿದು ಬರುತ್ತಿದೆ. ಇಬ್ಬರು ವಿದ್ಯಾರ್ಥಿಗಳು ಥಟ್ಟನೆ ಅವರ ಮುಂದೆ ಬಂದು ಕಪ್ಪು ಬಟ್ಟೆಯೊಂದನ್ನು ಬಿಡಿಸಿ ಹಿಡಿದು ನಡೆದರು. ನಿಲುವಂಗಿಗಳ ಕೆಳಗೆ ಸಾವಿರ ವರ್ಷದ ಮುಗ್ಗಲು ಎಂಬ ಅರ್ಥದ ಬರೆಹ ಅದರ ಮೇಲಿತ್ತು. ತನ್ನ ರಾಜ್ಯ ಸಾವಿರ ವರ್ಷ ಬಾಳುತ್ತದೆಂದು ಹಿಟ್ಲರ್ ಕೊಚ್ಚಿಕೊಂಡಿದ್ದನ್ನು ಬಲ್ಲವರಿಗೆ ಆ ಮಾತಿನ ಮೊನೆ ಎಲ್ಲಿಗೆ ತಾಕಿತೆಂದು ಹೇಳಬೇಕಾಗಿಲ್ಲ. ಆಗ ಬೆರ್ಟೋಲ್ಡ್ ಶ್ಪೂಲರ್ ಎಂಬ ಪ್ರಾಧ್ಯಾಪಕರು ವಿದ್ಯಾರ್ಥಿಗಳ ಕಡೆ ತಿರುಗಿ, ನೀವೆಲ್ಲ ಯಾತನಾಶಿಬಿರಕ್ಕೆ ಹೋಗಬೇಕಾದವರು ಎಂದು ಕೂಗಿದರು. ಅವರು ಒಂದು ಕಾಲಕ್ಕೆ ನಾತ್ಸಿ ಪಕ್ಷದ ಸದಸ್ಯರಾಗಿದ್ದವರು. ಬಟ್ಟೆಯ ಮೇಲಿನ ಬರೆಹ ನಿಜವೆಂದು ರುಜು ಹಾಕಿಕೊಟ್ಟವರು ಹೀಗೆ ಅವರೇ. ಬಟ್ಟೆ ಹಿಡಿದಿದ್ದ ಇಬ್ಬರಲ್ಲಿ ಒಬ್ಬರು ಮುಂದೆ ತಾವೇ ಪ್ರಾಧ್ಯಾಪಕರಾದರು, ಇನ್ನೊಬ್ಬರು ಅದೇ ಹಾಂಬುರ್ಗಿನ ಸರ್ಕಾರದಲ್ಲಿ ಉನ್ನತ ಅಧಿಕಾರಿಯಾದರು. ಆ ದಿನ ಗಾಂಭೀರ್ಯ ಕಳೆದುಕೊಂಡವರು ಮೆರವಣಿಗೆಯ ಮುಂದಿದ್ದವರೋ ಹಿಂದಿದ್ದವರೋ ಓದುಗರೇ ಹೇಳಲಿ.

ನಮ್ಮಲ್ಲಿಯೂ ಗಾಂಭೀರ್ಯಕ್ಕೆ ಎರಡು ಅಳತೆಗಳಿವೆ. 2010ರ ಏಪ್ರಿಲ್‌ನಲ್ಲಿ ಆಗಿನ ಕೇಂದ್ರ ಸಚಿವ ಜೈರಾಂ ರಮೇಶ್ ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದಲ್ಲಿ, ಇದು ವಸಾಹತು ಕಾಲದ ಅನಾಗರಿಕ ಪಳೆಯುಳಿಕೆ ಎಂದು ತಮ್ಮ ನಿಲುವಂಗಿಯನ್ನು ವೇದಿಕೆಯ ಮೇಲೆಯೇ ಕಳಚಿಹಾಕಿದರು. ಅವರು ಹೇಳಿದ್ದರಲ್ಲಿ ಹುರುಳಿರಬಹುದು. ಸಚಿವರು ಕಳಚಿದಾಗ ಅದು ದಿಟ್ಟತನ, ವೈಚಾರಿಕತೆ. ಅಂದು ಎದುರಿಗೆ ಕೂತಿದ್ದ ವಿದ್ಯಾರ್ಥಿಗಳಲ್ಲೊಬ್ಬ ಮೊದಲು ಎದ್ದು ಅದೇ ಮಾತು ಹೇಳಿ ಅದೇ ಅಂಗಿ ಕಳಚಿದ್ದರೆ ಅದಕ್ಕೆ ಏನೆಂದು ಹೆಸರಿಡುತ್ತಿದ್ದರು?

ಎರಡನೆಯ ಮಾತು, ವಿದ್ಯಾಮಂದಿರಕ್ಕೆ ರಾಜಕೀಯ ಬರಬಾರದು. ಭೇಷ್! ಆದರೆ ಅದನ್ನು ಒಳಗೆ ಕರೆತಂದವರು ಯಾರು? ನಮ್ಮ ಅನೇಕ ರಾಜ್ಯಗಳಲ್ಲಿ ಕಾಯಿದೆಯ ಪ್ರಕಾರವೇ ರಾಜ್ಯಪಾಲರು ವಿಶ್ವವಿದ್ಯಾಲಯಗಳ ಕುಲಾಧಿಪತಿಗಳು. ಸಚಿವರು ಪಕ್ಕದ ಕುರ್ಚಿಯಲ್ಲಿರುತ್ತಾರೆ. ರಾಜಕೀಯ ವೇದಿಕೆಯ ಅತಿ ಎತ್ತರದ ಕುರ್ಚಿಯಲ್ಲಿ ಕೂತಿರುವಾಗ ಕೆಳಗಿನ ಬೆಂಚಿನಲ್ಲಿ ಕೂತವರು ಮಾತ್ರ ಸನ್ಯಾಸಿಗಳಾಗಿರಬೇಕೆಂಬುದು ಯಾವ ನ್ಯಾಯ? 2025ರ ಆಗಸ್ಟಿನಲ್ಲಿ ತಿರುನೆಲ್ವೇಲಿಯ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆಯಲು ಬಂದ ಮಹಿಳೆಯೊಬ್ಬರು ರಾಜ್ಯಪಾಲರ ಮುಂದೆ ನಿಲ್ಲದೆ ದಾಟಿಹೋಗಿ ಕುಲಪತಿಗಳ ಕೈಯಿಂದ ಪದವಿ ಪಡೆದರು. ಅವರ ಅಭಿಪ್ರಾಯ ನಿಮಗೆ ಒಪ್ಪಿಗೆಯಾಗದಿರಬಹುದು. ನನ್ನ ವಾದಕ್ಕೆ ನಿಮ್ಮ ಒಪ್ಪಿಗೆ ಬೇಕಾಗಿಯೂ ಇಲ್ಲ. ಎಡದವರು ಕೂತಾಗ ಬಲದ ಹುಡುಗನೊಬ್ಬ ಹೀಗೆಯೇ ದಾಟಿಹೋದರೂ ನಾನು ಇದೇ ಮಾತು ಹೇಳುತ್ತೇನೆ. ತಾನು ಯಾರ ಕೈಯಿಂದ ಪದವಿ ಪಡೆಯಬೇಕೆಂಬ ಬಗ್ಗೆ ಅಭಿಪ್ರಾಯವಿಲ್ಲದವನಿಗೆ ಡಾಕ್ಟರೇಟ್ ಕೊಟ್ಟು ಆಗಬೇಕಾದದ್ದೇನು?

ಸಭಾತ್ಯಾಗದ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು. ನಮ್ಮ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ 1916ನೆಯ ಇಸವಿಯಲ್ಲಿಯೇ, ಫೆಬ್ರವರಿ ತಿಂಗಳಲ್ಲಿ, ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಸ್ಥಾಪನೆಯ ಉತ್ಸವ ನಡೆಯಿತು. ಗಾಂಧೀಜಿ ಅಲ್ಲಿ ಮಾತನಾಡಲು ನಿಂತು, ಮೈತುಂಬ ಒಡವೆ ತೊಟ್ಟು ಕೂತಿದ್ದ ಮಹಾರಾಜರಿಗೆ ಅದನ್ನೆಲ್ಲ ಬಿಚ್ಚಿಡುವ ತನಕ ಈ ದೇಶಕ್ಕೆ ಮುಕ್ತಿಯಿಲ್ಲವೆಂದು ಮುಖಕ್ಕೇ ಹೇಳಿದರು. ಆನಿ ಬೆಸೆಂಟರು ತಡೆದರು. ವಿದ್ಯಾರ್ಥಿಗಳು ಮುಂದುವರಿಸಿರೆಂದು ಕೂಗಿದರು. ಕೊನೆಗೆ ಎದ್ದು ಹೊರಟುಹೋದವರು ರಾಜಮಹಾರಾಜರು. ಅಧ್ಯಕ್ಷತೆ ವಹಿಸಿದ್ದ ದರ್ಭಾಂಗದ ಮಹಾರಾಜರೂ ಹೊರಟರು. ಕೂತು ಕೇಳಲು ಸಿದ್ಧರಾಗಿದ್ದವರು ವಿದ್ಯಾರ್ಥಿಗಳು. ವಿದ್ಯಾರ್ಥಿಗಳಿಗೆ ಸಭಾಮರ್ಯಾದೆ ತಿಳಿಯದೆಂದು ಹೇಳುವವರು ಈ ಪ್ರಸಂಗವನ್ನು ಒಮ್ಮೆ ಓದಿಕೊಳ್ಳಬೇಕು.

ಮೂರನೆಯ ಮಾತು, ಇದಕ್ಕೆಲ್ಲ ಬೇರೆ ದಾರಿಗಳಿವೆ, ಘಟಿಕೋತ್ಸವವೇ ಏಕೆ? ಬೇರೆ ದಾರಿಗಳ ಗತಿ ಏನಾಗುತ್ತದೆಂದು ಮೇಜಿನ ಒಳಗೆ ಹೋದ ಅರ್ಜಿಯ ಕಥೆಯಲ್ಲಿ ಹೇಳಿದ್ದೇನೆ. ಕಲ್ಕತ್ತೆಯ ಜಾದವಪುರದಲ್ಲಿ ಆದದ್ದೂ ಅದೇ. 2014ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲಾದ ದೌರ್ಜನ್ಯದ ಬಗ್ಗೆ ನಿಷ್ಪಕ್ಷಪಾತವಾದ ವಿಚಾರಣೆ ಬೇಕೆಂದು ಪಟ್ಟುಹಿಡಿದು ಕೂತಿದ್ದ ವಿದ್ಯಾರ್ಥಿಗಳ ಮೇಲೆ, ನಡುರಾತ್ರಿ ಆವರಣದೊಳಕ್ಕೆ ಪೋಲೀಸರು ನುಗ್ಗಿದರು. ಮೂರು ತಿಂಗಳು ಮೆರವಣಿಗೆ, ಮನವಿ ಎಲ್ಲ ಆದುವು. ಡಿಸೆಂಬರ್ 24ರ ಘಟಿಕೋತ್ಸವದಲ್ಲಿ ತರುಣಿಯೊಬ್ಬಳು ರಾಜ್ಯಪಾಲರಿಗೆ ಕೈಮುಗಿದು, ಪದಕ ಒಲ್ಲೆನೆಂದು ಇಳಿದುಹೋದಳು. ಮರುತಿಂಗಳು ಕುಲಪತಿಗಳು ರಾಜೀನಾಮೆ ಕೊಟ್ಟರು. ಆ ಒಂದು ನಮಸ್ಕಾರದಿಂದಲೇ ಹಾಗಾಯಿತೆಂದು ಹೇಳುವಷ್ಟು ಭೋಳೆ ನಾನಲ್ಲ. ಅದರ ಹಿಂದೆ ಸಾವಿರಾರು ಜನರ ಚಳವಳಿ ಇತ್ತು. ಆದರೆ ಅಧಿಕಾರಿಗಳು ವಿದ್ಯಾರ್ಥಿಯ ಮುಖವನ್ನು ಎದುರಾಎದುರು ನೋಡುವುದು ವರ್ಷದಲ್ಲಿ ಆ ಒಂದೇ ದಿನ. ಮಿಕ್ಕ ದಿನಗಳಲ್ಲಿ ವಿದ್ಯಾರ್ಥಿಯೆಂದರೆ ಒಂದು ನೋಂದಣಿ ಸಂಖ್ಯೆ. ಆ ದಿನವನ್ನೂ ಬಿಟ್ಟುಕೊಡಿರೆಂದರೆ ಅವರು ಮಾತಾಡುವುದು ಇನ್ನು ಯಾವತ್ತು?

ಪ್ರತಿಭಟನೆಗೆ ಎಲ್ಲೆಯೇ ಇಲ್ಲವೇ ಎಂದು ಕೇಳಬಹುದು. ಇದೆ. ಅದೇ ಕಲ್ಕತ್ತೆಯಲ್ಲಿ 1932ರ ಫೆಬ್ರವರಿ 6ರಂದು, ವಿಶ್ವವಿದ್ಯಾಲಯದ ಸೆನೆಟ್ ಭವನಕ್ಕೆ ಬಿ.ಎ. ಪದವಿ ಪಡೆಯಲು ಬಂದಿದ್ದ ಬೀನಾ ದಾಸ್ ಎಂಬ ಇಪ್ಪತ್ತು ವರ್ಷದ ತರುಣಿ, ಕುಲಾಧಿಪತಿಯಾಗಿದ್ದ ಗವರ್ನರ್ ಸ್ಟ್ಯಾನ್ಲಿ ಜಾಕ್ಸನ್ನರ ಮೇಲೆ ಪಿಸ್ತೂಲು ಹಾರಿಸಿದಳು. ಗುರಿ ತಪ್ಪಿತು. ಕುಲಪತಿ ಹಸನ್ ಸುಹ್ರವರ್ದಿ ಅವಳನ್ನು ಹಿಡಿದರು; ಸರ್ಕಾರ ಅವರಿಗೆ ಸರ್ ಪದವಿ ಕೊಟ್ಟಿತು. ಅವಳಿಗೆ ಒಂಬತ್ತು ವರ್ಷ ಕಠಿಣ ಸಜೆಯಾಯಿತು. ಅವಳ ತಂದೆ ಬೇಣಿಮಾಧವ ದಾಸರು ಸುಭಾಷಚಂದ್ರ ಬೋಸರಿಗೆ ಪಾಠ ಹೇಳಿದ ಮೇಷ್ಟ್ರು. ಪರರಾಜ್ಯದ ಆ ಉರಿಯಲ್ಲಿ ಬೆಂದವರನ್ನು ಇಲ್ಲಿ ಹಾಯಾಗಿ ಕೂತು ತೂಗುವುದು ನನ್ನಿಂದಾಗದು. ಆದರೆ ಪಿಸ್ತೂಲಿಗೆ ಘಟಿಕೋತ್ಸವದಲ್ಲಿ ಜಾಗವಿಲ್ಲ. ಸ್ವತಂತ್ರ ದೇಶದಲ್ಲಿ ಕಲ್ಲಿಗೂ ಇಲ್ಲ. ಭಾಷಣಕಾರನ ಬಾಯಿ ಮುಚ್ಚಿಸುವುದು, ಪಕ್ಕದವನ ಪದವಿಗೆ ಅಡ್ಡ ಬರುವುದು, ಮಗನನ್ನು ನೋಡಲು ದೂರದಿಂದ ಬಂದ ತಾಯಿಯ ಹಬ್ಬ ಕೆಡಿಸುವುದು ಇವೂ ಸಲ್ಲವು. ತನಗೆ ಬಂದದ್ದನ್ನು ತಾನು ಬೇಡವೆನ್ನುವುದು, ಮೌನವಾಗಿ ಎದ್ದು ನಿಲ್ಲುವುದು, ತೋಳಿಗೊಂದು ಪಟ್ಟಿ ಕಟ್ಟಿಕೊಳ್ಳುವುದು ಇವುಗಳಿಂದ ಯಾರಿಗೂ ಏನೂ ನಷ್ಟವಿಲ್ಲ. ಪಿಸ್ತೂಲಿಗೂ ಕೈಮುಗಿದ 'ಒಲ್ಲೆ'ಗೂ ವ್ಯತ್ಯಾಸ ಕಾಣದವರು ಆಡಳಿತ ನಡೆಸಲು ಯೋಗ್ಯರಲ್ಲ.

ಬೀನಾ ದಾಸರಿಗೆ ತಡೆಹಿಡಿದಿದ್ದ ಆ ಬಿ.ಎ. ಪದವಿಯನ್ನು ಕಲ್ಕತ್ತೆ ವಿಶ್ವವಿದ್ಯಾಲಯ 2012ರಲ್ಲಿ ಕೊಟ್ಟಿತು. ಆಗ ಅವರು ತೀರಿಕೊಂಡು ಇಪ್ಪತ್ತೈದು ವರ್ಷ ಕಳೆದಿತ್ತು. ಗುಂಡು ಹಾರಿಸಿದವಳಿಗೇ ಎಂಬತ್ತು ವರ್ಷದ ಮೇಲೆ ಪದವಿ ಕೊಡಬೇಕೆಂದು ತೋರುವುದಾದರೆ, ಕೈಮುಗಿದು ಇಳಿದುಹೋದವಳ ಪದವಿಯನ್ನು ತಡೆಹಿಡಿಯುವುದಕ್ಕೆ ಏನು ಅರ್ಥ? ಪದವಿಪತ್ರವೆಂಬುದು ಆಡಳಿತದವರ ಕೈಯ ಬಹುಮಾನವಲ್ಲ. ಓದಿ, ಪರೀಕ್ಷೆ ಬರೆದು, ತೇರ್ಗಡೆಯಾದವನ ಸ್ವಂತ ಗಳಿಕೆ ಅದು. ಸಭೆಯಲ್ಲಿ ತಲೆಬಾಗಲಿಲ್ಲವೆಂದು ಅದನ್ನು ಇಟ್ಟುಕೊಳ್ಳುವುದು, ಬಡ್ಡಿಗೆ ಕೊಟ್ಟವನು ಒತ್ತೆಯ ಒಡವೆ ನುಂಗಿಹಾಕಿದ ಹಾಗೆ.

ಆದಕಾರಣ ವಿಶ್ವವಿದ್ಯಾಲಯಗಳನ್ನು ನಡೆಸುವವರಿಗೆ ನಾನು ಹೇಳುವುದು ಮೂರೇ ಮಾತು. ಮುಚ್ಚಳಿಕೆ ಬರೆಸಿಕೊಳ್ಳುವುದನ್ನು ನಿಲ್ಲಿಸಿ. ಘಟಿಕೋತ್ಸವದ ನಡತೆಗಾಗಿ ಯಾರ ಪದವಿಪತ್ರವನ್ನೂ ತಡೆಹಿಡಿಯುವುದಿಲ್ಲವೆಂದು ನಿಯಮದಲ್ಲಿಯೇ ಬರೆಯಿರಿ. ಮುಖ್ಯ ಅತಿಥಿಯ ಭಾಷಣದಿಂದ ಐದು ನಿಮಿಷ ಕಡಿದು, ಅಂದು ಪದವಿ ಪಡೆಯುವವರಲ್ಲಿ ಒಬ್ಬರಿಗೆ, ಅವರೇ ಆರಿಸಿದವರಿಗೆ, ಮಾತಾಡಲು ಕೊಡಿ. ಏನು ಹೇಳಬೇಕೆಂದು ಮೊದಲೇ ಬರೆದು ತೋರಿಸೆಂದು ಕೇಳಬೇಡಿ. ಐದು ನಿಮಿಷ ಕೇಳಿಸಿಕೊಳ್ಳಲು ಅಂಜುವ ಆಡಳಿತ ಐದು ವರ್ಷ ಪಾಠ ಹೇಳಿಸಿದ್ದಾದರೂ ಏತಕ್ಕೆ?

ಅಧ್ಯಾಪಕ ಮಿತ್ರರಿಗೂ ಒಂದು ಮಾತಿದೆ. ವೇದಿಕೆಯ ಹಿಂದಿನ ಸಾಲಿನಲ್ಲಿ ನಿಲುವಂಗಿ ತೊಟ್ಟು ಕೂರುವ ನಾವು ಬರಿಯ ಅಲಂಕಾರಕ್ಕಾಗಿ ಕೂತವರಲ್ಲ. ಕೆಳಗೆ ಕೂತವರಿಗೆ ಪಾಠ ಹೇಳಿದವರು ನಾವು. ವಿಚಾರಣೆಯ ಕಾಗದ ಬಂದಾಗ 'ಅವಳ ಹಿಂದೆ ಯಾರಿದ್ದಾರೆ' ಎಂದು ಕೇಳಿದರೆ, ನಾನಿದ್ದೇನೆ, ಅವಳ ಮೇಷ್ಟ್ರು, ಎಂದು ಹೇಳಲು ನಮ್ಮಲ್ಲಿ ಎಷ್ಟು ಜನ ಸಿದ್ಧರಿದ್ದಾರೆ? ಅಷ್ಟು ಜನ ಸಿಕ್ಕುವ ದಿನ ಮುಚ್ಚಳಿಕೆಯ ಕಾಗದ ಅಚ್ಚಾಗುವುದು ತಾನಾಗಿ ನಿಲ್ಲುತ್ತದೆ.